ತವರಿಗೆ ಬಂದ ದೂರು

ಹತ್ತೊಂಬತ್ತು ವರ್ಷ ಅವಳ ಸುದ್ದಿಯೇ ಇರಲಿಲ್ಲ.
ಸುದ್ದಿ ಇಲ್ಲದಿದ್ದರೆ ಸುಖವಾಗಿದ್ದಾಳೆಂದೇ ಲೆಕ್ಕ.
ನನ್ನ ಎಡ ಪಕ್ಕೆಯಿಂದ ಹೊರಟು
ತಮ್ಮನ ಬಲ ಕಿಬ್ಬೊಟ್ಟೆಯಲ್ಲಿ ಸಂಸಾರ ಹೂಡಿದವಳು,
ಮುಷ್ಟಿಗಾತ್ರದವಳು,
ನನ್ನ ಮೂತ್ರಪಿಂಡ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸರಿ.
ದೂರು ಮಾತ್ರ ತವರಿಗೇ ಬರುತ್ತದೆ.

ಮಂಗಳವಾರ ಎಲೆಯುತೇರಿಯೊ ಫೋನು ಮಾಡಿದ,
ಹಿಂದೆ ಹಲ್ಲುಚಕ್ರದ ಗರಗರ.
'ಅಕ್ಕಾ, ಸ್ಕ್ಯಾನಿನಲ್ಲಿ ಏನೋ ಕಂಡಿದೆಯಂತೆ,
ಆಲಿವ್ ಕಾಯಿಯಷ್ಟು.
ನಿನ್ನ ಹತ್ತಿರ ಉಳಿದದ್ದನ್ನೂ ಒಮ್ಮೆ ನೋಡಬೇಕಂತೆ.'
ನಾನು ಏಡಿ ತೊಳೆಯುತ್ತಿದ್ದೆ, ನಾಳಿನ ಸಂತೆಗೆ.
ಬುಟ್ಟಿಯಲ್ಲಿ ಒಂದರ ಮೇಲೊಂದು ಹತ್ತಿ
ಯಾವುದೂ ಹೊರಗೆ ಹೋಗಲಾರದೆ.
ರೋಗಕ್ಕೆ ಇವುಗಳ ಹೆಸರಿಟ್ಟವನು ಯಾರೋ,
ಒಂದು ದಿನವಾದರೂ ಏಡಿ ಮಾರಿದ್ದನೇ?

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.
ಯಾರದ್ದೆಂದು ತಿಳಿಯಬೇಕಲ್ಲ.
ಹೆಂಗಸಿನ ಜೀವಕೋಶಗಳು, ಎಂದು ಬಂತು ಉತ್ತರ.
ಅಂದರೆ ನನ್ನವು.
ನಾನು ಕೊಟ್ಟದ್ದರಲ್ಲೇ ಹುಟ್ಟಿ, ಅವನ ಅನ್ನ ತಿಂದು,
ಅವನ ಮೈಯೊಳಗೆ ನನ್ನ ಹೆಸರಿನ ಕೇಡು.

'ಕಿತ್ತು ಬಿಸಾಡಿ,' ಎಂದೆ.
ಡಾಕ್ಟರ್ ಮಿಲ್ಲರಾಯ್ ಪಾಯಿಲ್ಲಾನ್ ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದಳು.
ಪೂರ್ತಿ ತೆಗೆಯಬಹುದು: ಆಮೇಲೆ ವಾರಕ್ಕೆ ಮೂರು ದಿನ
ಯಂತ್ರದ ಪಕ್ಕದ ಆ ಕಂದು ಕುರ್ಚಿ.
ಕೆಟ್ಟಷ್ಟನ್ನೇ ಕತ್ತರಿಸಬಹುದು.
ಇಲ್ಲವೇ, ಚಿಕ್ಕದಿದೆ, ಚರ್ಮದ ಹತ್ತಿರವೇ ಇದೆ,
ಸೂಜಿ ಇಳಿಸಿ ಹೆಪ್ಪುಗಟ್ಟಿಸಬಹುದು.
'ಕುರ್ಚಿ ಬೇಡ,' ಎಂದ ತಮ್ಮ. ಅಷ್ಟೇ.

ವಾಲ್ಪರಾಯಿಸೊದ ಗುಡ್ಡಕ್ಕೆ ಹತ್ತುವ ಮರದ ಪೆಟ್ಟಿಗೆಗಳ
ಬ್ರೇಕು ಹಿಡಿಯುವವನು ಅವನು.
ಒಂದೇ ಹಗ್ಗಕ್ಕೆ ಎರಡು ಪೆಟ್ಟಿಗೆ,
ಒಂದು ಏರಬೇಕಾದರೆ ಒಂದು ಇಳಿಯಬೇಕು.
ಮಾತ್ರೆಯ ವಿಷಯ ಅವನಿಗೆ ಬೇಗ ಅರ್ಥವಾಯಿತು, ನನಗಿಂತ ಬೇಗ:
ಮೈಯ ಕಾವಲನ್ನು ಮಲಗಿಸಿದರೆ ಪಿಂಡ ಉಳಿಯುತ್ತದೆ,
ಏಡಿಯೂ ಕೊಬ್ಬುತ್ತದೆ.
ಕಾವಲನ್ನು ಎಬ್ಬಿಸಿದರೆ ಏಡಿಗೆ ಒದೆ,
ಪಿಂಡಕ್ಕೂ ಒದೆ, ಇಬ್ಬರೂ ಹೊರಗಿನವರೇ ತಾನೆ.
'ನಡುವೆ ಎಲ್ಲೋ ನಿಲ್ಲಿಸಬೇಕು,' ಎಂದ,
ಗಾಳಿಯಲ್ಲಿ ಕೈ ಬ್ರೇಕು ಹಿಡಿಯಿತು.

ನನ್ನದು ಶುದ್ಧವಾಗಿದೆ ಎಂದರು.
ಕೊಡುವಾಗ ಅದೂ ಶುದ್ಧವಾಗಿತ್ತು, ಎಂದಳು ಡಾಕ್ಟರು,
ಇದು ಆಮೇಲಿನದು, ನಿಮ್ಮ ತಪ್ಪಲ್ಲ.
ಹೂಂ ಎಂದೆ.
ನಂಬಲಿಕ್ಕೆ ಇನ್ನೂ ದಿನ ಬೇಕು.

ಗುರುವಾರ ಎರಡು ಸೂಜಿ ಇಳಿಸಿದರು.
ಪರದೆಯ ಮೇಲೆ ಕಪ್ಪಗೆ ಒಂದು ಉಂಡೆ ದೊಡ್ಡದಾಯಿತಂತೆ,
ಅದೇ ಮಂಜು.
ಕರಗಿಸಿ, ಮತ್ತೊಮ್ಮೆ ಗಟ್ಟಿ ಮಾಡಿದರಂತೆ.
'ಈ ಊರಿನಲ್ಲಿ ಹಿಮ ಬಿದ್ದದ್ದು ನನ್ನ ಹೊಟ್ಟೆಯಲ್ಲಿ ಮಾತ್ರ,'
ಎಚ್ಚರವಾದ ಮೇಲೆ ಅವನ ಮೊದಲ ಮಾತು.
ಇದನ್ನು ಇನ್ನು ಎಷ್ಟು ಜನಕ್ಕೆ ಹೇಳುತ್ತಾನೋ.

ಹಳೆಯ ಮಾತ್ರೆ ಅರ್ಧಕ್ಕಿಳಿಸಿ ಹೊಸದೊಂದು ಕೊಟ್ಟಿದ್ದಾರೆ.
ಅದರ ಮೂಲ ರಾಪಾ ನುಯಿಯ ಮಣ್ಣಂತೆ,
ನಮ್ಮದೇ ದೇಶ, ನಾವು ಯಾರೂ ನೋಡದ ದ್ವೀಪ,
ಹಿಡಿ ಮಣ್ಣಿನಲ್ಲಿದ್ದ ಕಣ್ಣಿಗೆ ಕಾಣದ ಜೀವಿ.
ಬಾಯಿ ತುಂಬ ಹುಣ್ಣೆಬ್ಬಿಸಿದೆ.
ನಿಂಬೆ ಹಿಂಡಿದ ಚಿಪ್ಪುಮೀನಿನ ತಟ್ಟೆಯನ್ನು
ನನ್ನ ಕಡೆ ತಳ್ಳಿ, ಗಂಜಿಯಂಥದ್ದೇನೋ ಕುಡಿಯುತ್ತಾನೆ.
ಮೂರು ತಿಂಗಳಿಗೆ ಮತ್ತೆ ಸ್ಕ್ಯಾನು.

ಆ ರಾತ್ರಿ ನರ್ಸು ಅಳತೆಯ ಜಾಡಿ ಎತ್ತಿ ದೀಪಕ್ಕೆ ಹಿಡಿದಳು.
ಮುನ್ನೂರ ನಲವತ್ತು.
ನಸುಹಳದಿ, ತಿಳಿ.
ತಮ್ಮ ನಿದ್ದೆಯಲ್ಲಿದ್ದ.
ಸುಡಿಸಿಕೊಂಡು, ಸೆಡೆತುಕೊಂಡು,
ನನ್ನಿಂದ ಬಿಸಾಡಿ ಎನಿಸಿಕೊಂಡು,
ಆ ಹೊತ್ತಿನಲ್ಲೂ ಅವಳು ಕೆಲಸ ಮಾಡುತ್ತಿದ್ದಳು.

ಹೊದಿಕೆಯ ಮೇಲಿಂದ ಕೈಯಿಟ್ಟೆ,
ಪಟ್ಟಿ ಹಾಕಿದ ಜಾಗ ಬಿಟ್ಟು, ತುಸು ಪಕ್ಕಕ್ಕೆ.