ಇಪ್ಪತ್ನಾಕು ವೋಲ್ಟು

ಮೊದಲನೇ ವಾರ ನಾ ಬರದ ಬಿಲ್ಲಿನಾಗ
ಕ್ರೌನ್ ಪಿನಿಯನ್ನು 'ಕರೋನ ಪಿಂಜಣ' ಆಗಿತ್ತು.
ದಸ್ತಗೀರ ಚಾಚಾ ನಗಲಿಲ್ಲ.
ಮೂವತ್ತೈದು ವರ್ಷ ನಾನೂ ಹಂಗ ಅಂದೇನಿ ಕಳಕವ್ವಾ,
ಗಾಡಿಗೆ ತಿಳದೈತಿ, ಸಾಕು.

ಇಳಕಲ್ಲ ಬೈಪಾಸಿನ ಮಗ್ಗಲ
ಕೆಂಪುಕಲ್ಲಿನ ಧೂಳು ಕುಡದ ಗ್ಯಾರೇಜು.
ಅಲ್ಲಿ ಎಲ್ಲಾದಕ್ಕೂ ಮೈ ಇತ್ತು:
ಕಮಾನಿಗೆ ಬೆನ್ನು, ನೋಜಲಿಗೆ ಮೂಗು,
ಪಂಪು ಹವಾ ಹಿಡದ್ರ ಬಿಕ್ಕಳಿಕಿ.
ಚಾಚಾ ಉದ್ದನ್ನ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿಕಿ ಕಿವಿಗೆ ಇಟ್ಟು
"ಮೂರನೇದು ಸುಳ್ಳು ಹೇಳಾಕತ್ತೈತಿ" ಅಂತಿದ್ರು.
ನಾ ಬರಕೊಂತಿದ್ದೆ:
ಇಂಜೆಕ್ಟರ್, ಒಂದು.

ಆಮ್ಯಾಲ ಬಂದವು ಬಿಎಸ್ ಸಿಕ್ಸ್ ಗಾಡಿ.
ಬಿಕ್ಕಳಿಕಿಲ್ಲ, ಕೆಮ್ಮಿಲ್ಲ.
ಹಳದಿ ದೀಪ ಒಂದು ಹಚ್ಚಿ
ತಾಸಿಗೆ ಇಪ್ಪತ್ತರ ಮ್ಯಾಲ ಒಂದ ಹೆಜ್ಜಿ ಇಡೂದಿಲ್ಲ ಅಂತಾವ.
ಚಾಚಾ ಸ್ಕ್ರೂಡ್ರೈವರ್ ಇಟ್ಟು ಬಾಳ ಹೊತ್ತು ಕೇಳಿದ್ರು.
"ಆರೂ ಸಿಲಿಂಡರ್ ಖರೇನ ಹೇಳಾಕತ್ತಾವ.
ಹಂಗಾದ್ರ ಸಿಟ್ಟು ಯಾರ ಮ್ಯಾಲ?"

ಬಿಲ್‌ಬುಕ್ಕಿನ ಕಡೀ ಹಾಳಿಯೊಳಗ ನನ್ನ ಶಾಲಿ ಶುರು ಆತು.
ಡಿಪಿಎಫ್: ಮಸಿ ಹಿಡಿಯೂ ಜರಡಿ.
ರೀಜನ್: ಆ ಮಸಿ ಸುಟ್ಟು ಜರಡಿ ಹಗುರ ಮಾಡೂದು,
ನಮ್ಮವ್ವ ಬರೇ ಹಂಚು ಒಲಿಮ್ಯಾಲ ಬೋರಲು ಹಾಕಿ
ಕೆಂಪಗ ಕಾಸತಿದ್ದಳಲ್ಲ, ಹಂಗ.
ಡೆಫ್: ಯೂರಿಯಾದ ನೀರು. ಬ್ಯಾರೇ ಟಾಕಿ, ನೀಲಿ ಮುಚ್ಚಳ.
ತಪ್ಪಿ ಡೀಜಲ್ಲಿನಾಗ ಸುರದ್ರ ಹೊಲ ಮಾರಬೇಕು.
ನಾಕ್ಸ್ ಸೆನ್ಸರ್‌ಗೆ ಮಾತು ಸಿಗಲಿಲ್ಲ.
'ಬಾಲದಾಗಿನ ಮೂಗು' ಅಂತ ಬರದೆ,
ಹೊಡದು ಹಾಕಿದೆ,
ಮತ್ತ ಬರದೆ.

ಬಾಗಲಕೋಟಿ ನವನಗರದ ಅಂಗಡ್ಯಾವ
ಬೆಂಕಿಪೊಟ್ಟಣದಷ್ಟು ನೀಲೀದೊಂದು ಮುಂದಿಟ್ಟ.
ಎಂಟುನೂರು, ಮೊಬೈಲಿನಾಗ ಕಾಣತೈತಿ,
ಅಕ್ಕಾರ ಕಾರ್ ಯಾವುದು?
ಕಾರಲ್ಲ. ಹದಿನಾಕು ಗಾಲಿ.
ಇದು ಹನ್ನೆರಡು ವೋಲ್ಟಿಂದು, ನಮ್ಮದು ಇಪ್ಪತ್ನಾಕು,
ಚುಚ್ಚಿದ್ರ ಹೊಗಿ ಇದರಾಗ ಬರತೈತಿ, ಅಂದೆ.
ಅವ ಆಗ ನನ್ನ ಮಾರಿ ನೋಡಿದ.
ಒಳಗ ಹೋಗಿ ಎರಡು ತಂದ.

ಹಳದೀದು ಓದತೈತಿ, ಅಳಸತೈತಿ.
ನಂಬರ್ ಕೊಟ್ಟು ಕೈ ತೊಳಕೊಂತೈತಿ.
ಕರೀದು ಹಾಳಿಯಷ್ಟು ಅಗಲ.
ನಿಂತಲ್ಲೇ ಮಸಿ ಸುಡಸತೈತಿ,
ಒಂದೊಂದು ಇಂಜೆಕ್ಟರ್ ಬಾಯಿ ಮುಚ್ಚಿಸಿ
ಯಾವುದು ಬಿಟ್ಟಿ ಉಣ್ಣಾಕತ್ತೈತಿ ತೋರಸತೈತಿ,
ವರ್ಷಾ ವರ್ಷಾ ಲೈಸೆನ್ಸಿನ ರೊಕ್ಕ ಕೇಳತೈತಿ.
ನಮ್ಮಲ್ಲಿ ಮೂರು ಕಂಪನಿ ಗಾಡಿ ಬರತಾವ, ಮೂರೂ ಮಾತಾಡತಾವೇನು?
"ಎರಡು ಆಡತಾವ ಅಕ್ಕಾರ. ಮೂರನೇದು ಅಷ್ಟಕ್ಕಷ್ಟ."
ಸುಳ್ಳು ಹೇಳಲಿಲ್ಲಂತ ಅವನ ಕಡೆನ ತಗೊಂಡೆ, ಕರೀದು.
ಸಂಘದ ಸಾಲ, ಹದಿನೆಂಟು ಕಂತು.

ಮೊದಲ ಗಿರಾಕಿ ಸಂಗನಬಸು,
ಗಾಡಿ ತುಂಬ ಬಂದರಕ್ಕ ಹೋಗೂ ಕಲ್ಲು.
ಪರದೆ ಬರೀತು: ಯೂರಿಯಾದ ಗುಣ ಸರಿಯಿಲ್ಲ.
"ಅಳಸಿಬಿಡ್ರಿ ಅಕ್ಕಾ, ಹಡಗ ಕಾಯೂದಿಲ್ಲ."
ಅಳಸಿದೆ.
ದೀಪ ಆರಿತು. ಐವತ್ತು ಹೆಚ್ಚಿಗಿ ಕೊಟ್ಟ, ನಾ ತಗೊಂಡೆ.

ಕುಷ್ಟಗಿ ಮುಟ್ಟೂದ್ರಾಗ ಫೋನು.
ಸಂಜೀಕ ಎತ್ತಿನ ಗಾಡೀಗಿಂತ ನಿಧಾನ
ಅದೇ ಕಲ್ಲು, ಅದೇ ದೀಪ, ತಿರುಗಿ ಬಂತು.
ಚಾಚಾ ನೀಲಿ ಮುಚ್ಚಳ ತಗದು ಬಟ್ಟು ಎದ್ದಿ
ಬಿಸಿ ಸೈಲೆನ್ಸರಿನ ಮ್ಯಾಲ ಒಂದು ಹನಿ ಬಿಟ್ರು.
ಸುಂಯ್ ಅಂತು. ಬಿಳೀದೇನೂ ಉಳೀಲಿಲ್ಲ.
"ಫಿಲ್ಟರ್ ನೀರು. ಐದು ರೂಪಾಯಿ ಕ್ಯಾನಿಂದು."

ಅರವತ್ತು ಸಾವಿರದ ಪರದೆಯೊಳಗ ತಪ್ಪು ಇತ್ತು,
ಯಾರ ತಪ್ಪು ಅನ್ನೂ ಸಾಲು ಇರಲಿಲ್ಲ.
ಮಾಲಕ ಯೂರಿಯಾಕ್ಕ ರೊಕ್ಕ ಕೊಟ್ಟಿದ್ದನೋ,
ಕೊಟ್ಟದ್ದು ಧಾಬಾದಾಗ ಉಳೀತೋ.
ಸಂಗನಬಸು ಟೈರಿಗೆ ಕಾಲಿಲೆ ಒದ್ದು ಹವಾ ನೋಡಿದ,
ಹವಾ ಬರೋಬರಿ ಇತ್ತು, ಮತ್ತ ಒದ್ದ.

ಬಿಲ್ಲು ಹೋಗೂದು ಮಾಲಕಗ.
ಟಾಕಿ ತೊಳದದ್ದು. ಹೊಸ ಯೂರಿಯಾ, ಇಪ್ಪತ್ತು ಲೀಟರ್.
ಕಾರಣ ಅನ್ನೂ ಖಾನಿಗೆ ಬಂದು ಪೆನ್ನು ನಿಂತಿತು.
ಚಾಚಾ ಸ್ಪಾನರ್ ಒರಸಾಕತ್ರು,
ಒರಸಿದ್ದನ್ನ ಮತ್ತ ಒರಸಿದ್ರು.
ನಾ ಬರದೆ:
ಬಾಲದಾಗಿನ ಮೂಗು ಪರೀಕ್ಷಿಸಲಾಯಿತು.
ಸರಿ ಐತಿ.