ಅನುಮತಿಯಿಲ್ಲದೆ ಇಳಿದವನು

ಮಜಗಾಂವಿನ ಹಡಗು ರಿಪೇರಿ ಅಂಗಳದಲ್ಲಿ
ಮೂವತ್ತೊಂದು ವರ್ಷ ನನ್ನ ಕೆಲಸ ಇಷ್ಟೇ:
ಆಳುಗಳು ಟ್ಯಾಂಕಿಗೆ ಇಳಿಯುವ ಮುಂಚೆ
ಒಳಗಿನ ಗಾಳಿ ಅಳೆದು
ಹಳದಿ ಚೀಟಿಗೆ ಸಹಿ ಹಾಕುವುದು.
ಸಾಲಿನ್ಸ್, ಸೇಫ್ಟಿ ವಿಭಾಗ.
ಊರು ಮುಲ್ಕಿ. ದೀಕ್ಷಾಸ್ನಾನವಾದವನು.
ಸಿಗರೇಟು ಸಹ ಸೇದದವನು.

ಕಬ್ಬಿಣದ ಒಂದು ಗುಣ ನಿಮಗೆ ಹೇಳಬೇಕು.
ತಿಂಗಳುಗಟ್ಟಲೆ ಮುಚ್ಚಿಟ್ಟ ಟ್ಯಾಂಕಿನಲ್ಲಿ
ವಿಷವೇನೂ ಇರಬೇಕಾಗಿಲ್ಲ;
ಖಾಲಿಯಿದ್ದರೆ ಸಾಕು, ತುಸು ತೇವ ಸಾಕು.
ಗೋಡೆ ತನ್ನಷ್ಟಕ್ಕೆ ತುಕ್ಕು ಹಿಡಿಯುತ್ತದೆ,
ಹಿಡಿಯುತ್ತ ಹಿಡಿಯುತ್ತ
ಒಳಗಿನ ಪ್ರಾಣವಾಯುವನ್ನು ಕುಡಿದುಬಿಡುತ್ತದೆ.
ಬಣ್ಣವಿಲ್ಲ. ವಾಸನೆಯಿಲ್ಲ.
ಇಳಿದವನಿಗೆ ಉಸಿರಾಡಿದಂತೆಯೇ ಇರುತ್ತದೆ
ಮೂರನೆಯ ಮೆಟ್ಟಿಲಿನವರೆಗೆ.

ಸಂಡೇ ಸ್ಕೂಲಿನ ಸುಗುಣಾ ಟೀಚರು
ಕಪ್ಪು ಕಾಗದದಲ್ಲಿ ಹೃದಯ ಕತ್ತರಿಸಿ ತರುತ್ತಿದ್ದರು.
ಪಾಪವೆಂದರೆ ಮಸಿ, ಕೊಳೆ, ಹಾವು.
ಅದು ಗೋಡೆಯೇ ಮಾಡುವ ಕೆಲಸವೆಂದು,
ಮುಚ್ಚಳ ಹಾಕಿದ ಮೇಲೆ, ಸದ್ದಿಲ್ಲದೆ,
ಯಾರೂ ಹೇಳಲಿಲ್ಲ.

ಆ ದಿನ ಶನಿವಾರ.
ಮೀಟರಿನ ಬ್ಯಾಟರಿ ಸತ್ತಿತ್ತು.
ಇನ್ನೊಂದು ಮೀಟರು ಮೂರನೇ ಶೆಡ್ಡಿನಲ್ಲಿ,
ಆರು ನಿಮಿಷದ ನಡಿಗೆ, ಬಿಸಿಲು.
ಹತ್ತು ಗಂಟೆಯ ಚಹಾ ಆಗಷ್ಟೇ ಬಂದಿತ್ತು.
ಇಪ್ಪತ್ತು ಪಾಯಿಂಟ್ ಒಂಬತ್ತು ಎಂದು ಬರೆದೆ.
ದ್ವೇಷವಿರಲಿಲ್ಲ, ಲಂಚವಿರಲಿಲ್ಲ.
ಚಹಾ ಇತ್ತು.

ಗಾವಣಕರ ಇಳಿದ,
ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಯಾವುದೋ ಮಾತು.
ಮಾತು ಅರ್ಧಕ್ಕೆ ನಿಂತಿತು.
ಹಗ್ಗ, ಹಗ್ಗ ಎಂದು ಕೂಗುತ್ತ
ಎಲ್ಲರೂ ಟ್ಯಾಂಕಿನ ಬಾಯಿಯ ಸುತ್ತ ನಿಂತರು. ನಾನೂ ನಿಂತೆ.
ಪೇಂಟು ಡಬ್ಬ ಹೊತ್ತು ಹೋಗುತ್ತಿದ್ದ ಒಬ್ಬ ಗುತ್ತಿಗೆಯಾಳು
ಡಬ್ಬ ಕೆಳಗಿಟ್ಟ. ಎಸೆಯಲಿಲ್ಲ, ಇಟ್ಟ.
ಒಂದು ದೊಡ್ಡ ಉಸಿರು ಎಳೆದುಕೊಂಡು
ಹಗ್ಗದ ತುದಿ ಹಿಡಿದು ಇಳಿದ.
ಮೇಲೆ ಬಂದದ್ದು ಗಾವಣಕರ.
ಎರಡನೆಯ ಸಲ ಹಗ್ಗ ಬಿಟ್ಟಾಗ
ಕಟ್ಟಿಕೊಳ್ಳಲು ಅಲ್ಲಿ ಕೈಗಳಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ.
ಬಿಹಾರದವನು ಎಂದ ಗುತ್ತಿಗೆದಾರ.
ಅಲ್ಲ, ಕಲಬುರಗಿ ಕಡೆಯವನು ಎಂದ ಇನ್ನೊಬ್ಬ.
ಆ ಇನ್ನೊಬ್ಬನ ಮಾತು ನನ್ನನ್ನು ಬಿಟ್ಟಿಲ್ಲ:
ಕೆಳಗಿನಿಂದ ಅವನು ಕೂಗಿದ್ದರೆ
ಅದು ನನಗೊಬ್ಬನಿಗೇ ಅರ್ಥವಾಗುತ್ತಿತ್ತು.
ವಿಚಾರಣೆಯ ವರದಿಗೆ ಒಂದು ಸಾಲು ಬೇಕಿತ್ತು. ನಾನೇ ಕೊಟ್ಟೆ:
‘ಮೃತನು ಅನುಮತಿಯಿಲ್ಲದೆ ಇಳಿದನು.’
ಅದಕ್ಕೂ ಸಹಿ ನನ್ನದೇ.
ಹಳದಿ ಚೀಟಿ ಆ ರಾತ್ರಿ ಗ್ಯಾಸಿನ ಒಲೆಗೆ.

ಶಿಕ್ಷೆ ಬರುತ್ತದೆಂದು ಕಾದೆ.
ಬಂದದ್ದು ಬಡ್ತಿ, ಮಗಳಿಗೆ ಒಳ್ಳೆಯ ಸಂಬಂಧ.
ಸಕ್ಕರೆ ಕಾಯಿಲೆ ಕೂಡ ಬರಲಿಲ್ಲ.
ಪಕ್ಕದ ಖೋಲಿಯ ಸಾಠೆ ಅನ್ನುತ್ತಾರೆ,
ಈ ಜನ್ಮದ್ದು ಮುಂದಿನದರಲ್ಲಿ ಕಂತುಕಂತಾಗಿ ತೀರುತ್ತದೆ.
ನನಗೆ ಮುಂದಿನದಿಲ್ಲ, ಸಾಠೆ. ಕಂತೂ ಇಲ್ಲ.
ಇರುವುದೊಂದೇ ಟ್ಯಾಂಕು:
ಹೆಂಡತಿಯ ಎದುರು ಊಟಕ್ಕೆ ಕೂತರೆ
ಮಾತು ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತದೆ.
ಪ್ರಾರ್ಥನೆಗೆ ಬಾಯಿ ತೆರೆದರೆ
ಗಾಳಿಯಿದ್ದಂತೆಯೇ ಇರುತ್ತದೆ.

ಬೈಕಲಾದ ಆರಾಧನೆಯಲ್ಲಿ ಅಯ್ಯನವರು
ರೊಟ್ಟಿ ಮುರಿಯುತ್ತ ‘ಎಲ್ಲರ ಪಾಪಕ್ಕಾಗಿ’ ಎನ್ನುತ್ತಾರೆ.
ಎಲ್ಲರ ಎಂಬುದು ಅನುಕೂಲದ ಮಾತು,
ಒಬ್ಬ ಅದರೊಳಗೆ ಹಾಯಾಗಿ ಅಡಗಬಹುದು.
ಹಿಂದಿನ ಬೆಂಚಿನಲ್ಲಿ ಕೂತು ನಾನು
ಒಬ್ಬನನ್ನಷ್ಟೇ ಎತ್ತಿದ ಹಗ್ಗವನ್ನು ನೆನೆಯುತ್ತೇನೆ,
ಅಂಗೈ ಚಾಚಲಾರದೆ.

ಗಾವಣಕರ ಇದ್ದಾನೆ, ಪರೇಲಿನಲ್ಲಿ.
ಮೊನ್ನೆ ಸಿಕ್ಕ, ಮೊಮ್ಮಗಳ ಕೈ ಹಿಡಿದು.
‘ಸಾಹೇಬರೇ, ಅವನ ಹೆಸರು ಗೊತ್ತಾಯಿತೇ?’
ಸಿಕ್ಕಾಗಲೆಲ್ಲ ಇದೊಂದನ್ನೇ ಕೇಳುತ್ತಾನೆ.
ಇಲ್ಲ ಎಂದೆ. ಎಂದಿನಂತೆ ತಿರುಗಿ ನಡೆಯಬಹುದಿತ್ತು.
‘ಆ ದಿನ ಮೀಟರು...’ ಎಂದೆ.
ಹುಡುಗಿ ಕುಲ್ಫಿಯವನ ಕಡೆ ಎಳೆಯುತ್ತಿದ್ದಳು.
‘ತಡಿ’ ಎಂದ ಅವಳಿಗೆ. ನನಗೆ, ‘ಹೇಳಿ.’

ದೊಡ್ಡದೊಂದು ಉಸಿರು ಎಳೆದುಕೊಂಡೆ.