ಹದಿನಾಲ್ಕು ಕಾಫಿ, ಒಂಬತ್ತು ಮೆಣಸು

ಅಂಗನವಾಡಿಯ ಜಗಲಿ. ಹಾರ್ಲಿಕ್ಸ್ ಬಾಟಲಿಗೆ ಬಟ್ಟೆ ಸುತ್ತಿ
ನಡುವೆ ಇಟ್ಟಿದ್ದೆವು.
ತೋಡಿಗೆ ಕಾಲುಸಂಕ ಮೇಲೆ, ಬಂಡೆಯ ಹತ್ತಿರ ಬೇಕೆನ್ನುವವರು ಕಾಫಿಬೀಜ,
ಕೆಳಗೆ, ಹೊನ್ನೆಮರದ ಹತ್ತಿರ ಅನ್ನುವವರು ಹಸಿ ಕರಿಮೆಣಸು.
ಅಮ್ಮತ್ತಿಯಿಂದ ಸಿಮೆಂಟು ಬರುವ ಮಾತು ಹಳೆಯದಾಗಿತ್ತು.
ಯಾರ ಕೈಯಲ್ಲಿ ಯಾವುದೆಂದು ಯಾರಿಗೂ ತಿಳಿಯಬಾರದು:
ನನ್ನದೇ ಉಪಾಯ. ಜಂಬವೂ ಇತ್ತು.

ಎಣಿಸಿದವಳೂ ನಾನೇ.
ಹದಿನಾಲ್ಕು, ಒಂಬತ್ತು.
ದೇಚಮ್ಮ ಪುಸ್ತಕದಲ್ಲಿ ಬರೆದಳು: 'ಸರ್ವಾನುಮತದಿಂದ'.
"ಬಹುಮತ" ಅಂದೆ.
ಅಳಿಸಿದಳು, ಹಾಳೆ ತೂತಾಗುವಷ್ಟು.

ಗುಟ್ಟು ಎಷ್ಟು ಹೊತ್ತು ಉಳಿದೀತು?
ನಬೀಸ ಕಣ್ಣುಜ್ಜಿಕೊಂಡಳು, ಉರಿಗೆ ನೀರು ಬಂತು,
ಬೆರಳ ತುದಿಯ ಘಾಟು ಅವಳ ಮತ ಹೇಳಿಬಿಟ್ಟಿತು.
"ಅಳ್ತಿಲ್ಲಪ್ಪ ನಾನು" ಎಂದು ನಕ್ಕಳು.
ನಾವೂ ನಕ್ಕೆವು, ಸ್ವಲ್ಪ ಹೆಚ್ಚೇ.

ಕುಸುಮಾವತಿ ಬೆಲ್ಲದ ಕಾಫಿ ಮುಟ್ಟಲಿಲ್ಲ.
"ತಲೆ ಎಣಿಸಿದಿರಿ, ಕಾಲು ಎಣಿಸಲಿಲ್ಲ" ಅಂದಳು,
ದಿನಾ ಆ ದಾರಿ ತುಳಿಯುವ ಕಾಲು.

ಬೊಳ್ಳಮ್ಮ ಮಾತೇ ಆಡಲಿಲ್ಲ.
ಮರುದಿನ ಸಿಲ್ವರ್ ಮರ ಹೊರುವಾಗ
ಬುಡದ ಕಡೆ, ಭಾರದ ಕಡೆ, ಅವಳ ಹೆಗಲಿತ್ತು.
ಅವಳದ್ದು ಮೆಣಸೆಂದು ನನಗೆ ಗೊತ್ತು. ಅವಳ ಮನೆ ಕೆಳಗೆ.
ಗೆದ್ದ ಹದಿನಾಲ್ಕರಲ್ಲಿ ಬಂದವರು ಆರು.
ಉಳಿದವರಿಗೆ ಕೊಯ್ಲಂತೆ.

ಪಂಜಿ ಮಾತ್ರ ಸಂಕ ಹತ್ತಲಿಲ್ಲ.
ಗದ್ದಲವಿಲ್ಲ, ದೂರಿಲ್ಲ,
ಸೀರೆ ಮೊಣಕಾಲಿಗೆ ಎತ್ತಿ, ತಲೆಮೇಲೆ ಸೌದೆ,
ಹೊನ್ನೆಮರದ ಬುಡದಲ್ಲೇ ನೀರಿಗಿಳಿಯುತ್ತಾಳೆ, ಇವತ್ತಿಗೂ.
ಕೇಳಿದರೆ, "ನೀರಿಗೆ ನನ್ನ ಕಾಲು ಗೊತ್ತು." ಅಷ್ಟೆ.
ಹಠ ಅಂದರು ಕೆಲವರು.
ನಾನೂ ಅಂದಿದ್ದೆ.

ಮೊನ್ನೆ ಸಂಜೆ, ಯಾರೂ ಇಲ್ಲದಾಗ,
ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ಇಳಿದೆ.
ತಣ್ಣಗೆ ಕೊರೆಯಿತು. ನಡುನೀರಲ್ಲಿ ಎಡವುವಾಗ
ಕಾಲಿಗೊಂದು ಚಪ್ಪಟೆ ಕಲ್ಲು ಸಿಕ್ಕಿತು, ಮುಂದೆ ಇನ್ನೊಂದು.
ನೀರು ತಂದದ್ದಲ್ಲ, ಯಾರೋ ಇಟ್ಟದ್ದು,
ಅಲುಗಾಡದಂತೆ ಅಡಿಗೆ ಚೂರುಕಲ್ಲು ಒತ್ತುಕೊಟ್ಟು.
ಬೊಳ್ಳಮ್ಮನೋ? ಸಂಕ ಮೇಲೇ ಬೇಕೆಂದು ಕೂಗಾಡಿದ ದೇಚಮ್ಮನೋ?
ಪುಸ್ತಕದಲ್ಲಿಲ್ಲ.

ಮೂರನೆಯದು ಇನ್ನೂ ಇರಲಿಲ್ಲ.
ದಡದಲ್ಲಿ ಆಗಬಹುದಾದ ಒಂದು ಕಲ್ಲು ಕಂಡಿತು.
ಎತ್ತಲು ನೋಡಿದೆ. ಭಾರವಿತ್ತು,
ಒಬ್ಬಳಿಂದ ಆಗುವಂಥದ್ದಲ್ಲ.